ಸಾಲ್ಸ್‌ಬರಿಗೆ ಅರ್ಧ ದಿನ ಸಾಕಾ?

ಪ್ರಶ್ನೆ: ನಾವು ಸಾಗರದ ಕಡೆಯ ಅಡಿಕೆ ಬೆಳೆಗಾರರು. ಮಗಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಕ್ಟೋಬರ್ ಎರಡನೇ ವಾರ ನಾನು, ಯಜಮಾನರು, ಅತ್ತೆ ಮೂವರೂ ಹೋಗುತ್ತಿದ್ದೇವೆ. ಒಂದು ಹಳೇ ಊರು, ದೊಡ್ಡ ಚರ್ಚು, ಸುತ್ತಲ ಹಳ್ಳಿ ನೋಡುವ ಆಸೆ. ಲಂಡನ್ನಿನಿಂದ ಒಂದೇ ದಿನದಲ್ಲಿ ಸ್ಟೋನ್‌ಹೆಂಜ್, ಬಾತ್, ಸಾಲ್ಸ್‌ಬರಿ ಮೂರನ್ನೂ ತೋರಿಸುವ ಬಸ್ ಟೂರ್ ಇದೆಯಂತೆ. ಅಷ್ಟು ಸಾಕಾ? ಒಂದು ಚರ್ಚಿನಲ್ಲಿ ನೋಡುವುದಕ್ಕೆ ಅಂಥದ್ದೇನಿರುತ್ತದೆ? ಅತ್ತೆಗೆ ಮಂಡಿ ನೋವು, ಜಾಸ್ತಿ ನಡೆಯಲಾರರು. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಕಾರಿಲ್ಲ.

ಉತ್ತರ: ಆ ಬಸ್ ಟೂರ್ ಬೇಡ. ಅಂಥ ಟೂರುಗಳಲ್ಲಿ ಅರ್ಧ ದಿನ ಬಸ್ಸಿನಲ್ಲೇ ಕಳೆದುಹೋಗುತ್ತದೆ. ಅದರಲ್ಲೂ ನೀವಿರುವುದು ರೆಡಿಂಗ್‌ನಲ್ಲಿ. ಬೆಳಗಾಗೆದ್ದು ಪೂರ್ವಕ್ಕೆ ಲಂಡನ್ನಿಗೆ ಹೋಗಿ, ಬಸ್ಸು ಹತ್ತಿ, ಬಂದ ದಿಕ್ಕಿಗೇ ತಿರುಗಿ ಬರಬೇಕು. ಸಾಲ್ಸ್‌ಬರಿಯ ಪಾಲಿಗೆ ಉಳಿಯುವುದು ಒಂದೆರಡು ಗಂಟೆ. ಅಷ್ಟರಲ್ಲಿ ಶೌಚಾಲಯದ ಸಾಲು, ಒಂದು ಕಾಫಿ, ಗೋಪುರದ ಮುಂದೆ ಒಂದು ಫೋಟೊ. ಬಾತ್ ಚೆನ್ನಾದ ಊರೇ, ಆದರೆ ಅದಕ್ಕೆ ರೆಡಿಂಗ್‌ನಿಂದ ನೇರ ರೈಲಿದೆ, ಇನ್ನೊಂದು ದಿನ ಮಗಳ ಜೊತೆ ಹೋಗಿಬನ್ನಿ. ಈ ಪ್ರವಾಸಕ್ಕೆ ಸಾಲ್ಸ್‌ಬರಿ ಒಂದನ್ನೇ ಇಟ್ಟುಕೊಂಡು ಅಲ್ಲಿ ಎರಡು ರಾತ್ರಿ ಉಳಿಯಿರಿ. ಪುರಾತನ ಕಲ್ಲಿನ ಸುತ್ತು ಸ್ಟೋನ್‌ಹೆಂಜ್ ಅಲ್ಲಿಂದ ಸುಮಾರು 15 ಕಿಲೋಮೀಟರ್. ಹೋಗಿಬರಲು ಬಸ್ಸಿದೆ.

ಕ್ಯಾಥೆಡ್ರಲ್, ಅಂದರೆ ಬಿಷಪ್‌ನ ಪೀಠವಿರುವ ದೊಡ್ಡ ಚರ್ಚು, ಇರುವ ಊರುಗಳು ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ. ಯಾರ್ಕ್, ಡರಮ್, ಕ್ಯಾಂಟರ್ಬರಿ, ಲಿಂಕನ್ ಎಲ್ಲವೂ ನೋಡತಕ್ಕವೇ. ಈ ಭಾಗದಲ್ಲಿ ಜನರನ್ನು ಕರೆದುಕೊಂಡು ಓಡಾಡುವುದೇ ನನ್ನ ಕೆಲಸವಾದ್ದರಿಂದ ಸಾಲ್ಸ್‌ಬರಿಯ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದ್ದೇ ಇದೆ. ಆದರೂ ನೀವು ತೋಟ ಮಾಡುವವರು ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಮೇಲೆ ನನಗೆ ಅನುಮಾನವೇ ಉಳಿಯಲಿಲ್ಲ. ಈ ಊರಿನ ಕಥೆಯೆಲ್ಲ ನೀರಿನದು. ಮೊದಲು ಊರು ಒಣ ಗುಡ್ಡದ ಮೇಲಿತ್ತು. ಆಮೇಲೆ ಕೆಳಗೆ ಹೊಳೆ ಬಯಲಿಗೆ ಇಳಿಯಿತು. ಕ್ಯಾಥೆಡ್ರಲ್ ನಿಂತಿರುವುದು ನೀರಿನ ಮೇಲೆ, ಪೇಟೆ ಬೆಳೆದದ್ದು ನೀರಿನಿಂದ, ಒಮ್ಮೆ ಊರು ಸತ್ತಷ್ಟಾದದ್ದೂ ಅದೇ ನೀರಿನಿಂದ. ಆದ್ದರಿಂದ ಗುಡ್ಡದಿಂದ ಶುರುಮಾಡಿ ಹೊಳೆಗೆ ಇಳಿಯುವ ಕ್ರಮದಲ್ಲೇ ನೋಡಿ. ಹೆಚ್ಚಿನವರು ಸ್ಟೇಷನ್ನಿನಿಂದ ನೇರ ಕ್ಯಾಥೆಡ್ರಲ್‌ಗೆ ಹೋಗುತ್ತಾರೆ. ಇಷ್ಟು ದೊಡ್ಡದನ್ನು ಇಷ್ಟು ತಗ್ಗಿನಲ್ಲಿ ಯಾಕೆ ಕಟ್ಟಿದರು ಅನ್ನುವ ಪ್ರಶ್ನೆಯೇ ಅವರಿಗೆ ಹುಟ್ಟುವುದಿಲ್ಲ.

ಗುಡ್ಡದ ಹೆಸರು ಓಲ್ಡ್ ಸೇರಮ್. ಊರಿಂದ ಉತ್ತರಕ್ಕೆ ಮೂರು ಕಿಲೋಮೀಟರ್ ಇರಬಹುದು, ಸಿಟಿ ಬಸ್ಸಿನಲ್ಲಿ ಹತ್ತು ಹದಿನೈದು ನಿಮಿಷ. ಕಬ್ಬಿಣ ಯುಗದ ಜನ ತೋಡಿದ ದೊಡ್ಡ ಕಂದಕ, ಅದರೊಳಗೆ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ಕಟ್ಟಿದ ಕೋಟೆ, ಕೋಟೆಯ ಪಕ್ಕದಲ್ಲೇ ಮೊದಲನೆಯ ಕ್ಯಾಥೆಡ್ರಲ್. ಅದನ್ನು ಬಿಷಪ್ ಆಸ್ಮಂಡ್ 1092ರಲ್ಲಿ ಪ್ರತಿಷ್ಠೆ ಮಾಡಿದ. ಐದೇ ದಿನಕ್ಕೆ ಗಾಳಿ ಸಿಡಿಲಿಗೆ ಅದರ ಒಂದು ಭಾಗ ಕುಸಿಯಿತು. ರಿಪೇರಿ ಮಾಡಿ ಇನ್ನಷ್ಟು ದೊಡ್ಡದು ಮಾಡಿದರು. ಆದರೂ ನೆಮ್ಮದಿ ಇರಲಿಲ್ಲ. ಗಾಳಿಯ ಸದ್ದಿಗೆ ಒಬ್ಬರ ಮಂತ್ರ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ ಅಂತ ಪಾದ್ರಿಗಳ ದೂರು. ಕುಡಿಯುವ ನೀರಿಗೂ ತತ್ವಾರ. ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ಕೋಟೆಯೊಳಗೆ ಸೈನಿಕರೂ ಪಾದ್ರಿಗಳೂ ಇರಬೇಕು. ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಒಮ್ಮೆ ಪಾದ್ರಿಗಳು ಮೆರವಣಿಗೆ ಮುಗಿಸಿ ಬಂದರೆ ಸೈನಿಕರು ಬಾಗಿಲೇ ತೆಗೆಯಲಿಲ್ಲವಂತೆ.

ಕೊನೆಗೆ ಬಿಷಪ್ ರಿಚರ್ಡ್ ಪೂರ್ ಪೋಪ್‌ನ ಒಪ್ಪಿಗೆ ಪಡೆದು ಇಡೀ ವ್ಯವಸ್ಥೆಯನ್ನೇ ಕೆಳಗಿನ ಹುಲ್ಲುಗಾವಲಿಗೆ ಸಾಗಿಸಿದ. ಗುಡ್ಡದ ಮೇಲಿಂದ ಬಾಣ ಬಿಟ್ಟರು, ಅದು ಒಂದು ಜಿಂಕೆಗೆ ತಾಗಿತು, ಜಿಂಕೆ ಓಡಿಹೋಗಿ ಬಿದ್ದು ಸತ್ತ ಜಾಗದಲ್ಲಿ ಕ್ಯಾಥೆಡ್ರಲ್ ಕಟ್ಟಿದರು ಅಂತ ಗೈಡುಗಳು ಹೇಳುತ್ತಾರೆ. ಮೂರು ಕಿಲೋಮೀಟರ್ ಓಡಿದ ಜಿಂಕೆ ಸರಿಯಾಗಿ ಬಿಷಪ್‌ನ ಸ್ವಂತ ಜಮೀನಿನಲ್ಲೇ ಬಿತ್ತು. ಅಷ್ಟು ತಿಳಿವಳಿಕೆಯ ಜಿಂಕೆ!

ಹಳೇ ಕ್ಯಾಥೆಡ್ರಲ್‌ನ ತಳಪಾಯದ ಗುರುತು ಮಾತ್ರ ಈಗ ಹುಲ್ಲಿನಲ್ಲಿ ಕಾಣುತ್ತದೆ. ಹೊರಗಿನ ಆವರಣಕ್ಕೆ ಟಿಕೆಟ್ ಇಲ್ಲ, ಒಳಗಿನ ಕೋಟೆಗೆ ಇದೆ. ಅತ್ತೆಯವರನ್ನು ಒಳಕೋಟೆಯ ಏರಿಗೆ ಹತ್ತಿಸಬೇಡಿ. ಹೊರಗಿನ ದಿಬ್ಬದ ಮೇಲೆ ನಿಂತು ದಕ್ಷಿಣಕ್ಕೆ ನೋಡಿದರೆ ಸಾಕು, ಹೊಸ ಕ್ಯಾಥೆಡ್ರಲ್‌ನ ಶಿಖರ ಬಯಲಿನಿಂದ ಎದ್ದು ನಿಂತಿರುತ್ತದೆ. ಮೇಲಿನ ಊರು ಕೆಳಗೆ ಹೋದದ್ದು ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಈ ಖಾಲಿ ಗುಡ್ಡಕ್ಕೂ ನಮ್ಮ ಕಡೆಗೂ ಒಂದು ಸಂಬಂಧವಿದೆ. ಜನವೆಲ್ಲ ಇಳಿದುಹೋದ ಮೇಲೂ ಓಲ್ಡ್ ಸೇರಮ್ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಲೇ ಇತ್ತು. 1832ರಲ್ಲಿ ಕಾನೂನು ಬದಲಾಗುವ ತನಕ ಇದೇ ನಡೆಯಿತು. ಮತದಾರರು ಬೆರಳೆಣಿಕೆಯಷ್ಟು. ಜಮೀನು ಯಾರದೋ ಎರಡು ಸೀಟೂ ಅವರದು. ಭಾರತದ ವ್ಯಾಪಾರದಲ್ಲಿ ದುಡ್ಡು ಮಾಡಿದ ಥಾಮಸ್ ಪಿಟ್ ಇಲ್ಲಿನ ಜಮೀನು ಕೊಂಡ. ಆಮೇಲೆ 1698ರಿಂದ 1709ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ. ಆಗಲೇ ಕೃಷ್ಣಾ ತೀರದ ಗಣಿಯಿಂದ ಬಂದ 410 ಕ್ಯಾರೆಟ್‌ನ ಒಂದು ಹಸಿ ವಜ್ರವನ್ನು ಖರೀದಿಸಿದ. ಅದನ್ನು ಕತ್ತರಿಸಿ 1717ರಲ್ಲಿ ಫ್ರಾನ್ಸಿನ ರೀಜೆಂಟ್‌ಗೆ, ಅಂದರೆ ಬಾಲರಾಜನ ಪರವಾಗಿ ಆಳುತ್ತಿದ್ದವನಿಗೆ, ಮಾರಿದ. ಈಗ ಅದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನ ಸಂಗ್ರಹಕ್ಕೆ ಸೇರಿದೆ. ಇವನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಇದೇ ಖಾಲಿ ಗುಡ್ಡದ ಸದಸ್ಯನಾಗಿ ಪಾರ್ಲಿಮೆಂಟಿಗೆ ಹೋದ, ಮುಂದೆ ಪ್ರಧಾನಿಯೂ ಆದ.

ಗುಡ್ಡದಿಂದ ನೀವೂ ಯಜಮಾನರೂ ನಡೆದೇ ಇಳಿಯಬಹುದು. ಸ್ಟ್ರಾಟ್‌ಫರ್ಡ್ ಸಬ್ ಕಾಸಲ್ ಅನ್ನುವ ಹಳ್ಳಿಯ ಮೂಲಕ, ಏವನ್ ಹೊಳೆಯ ಬದಿಗೆ, ಊರಿನ ತನಕ ಕಾಲುದಾರಿ ಇದೆ. ಸಾವಕಾಶವಾಗಿ ನಡೆದರೂ ಒಂದು ಗಂಟೆಯ ಮೇಲೆ ಸ್ವಲ್ಪ. ಮಗಳು ಜೊತೆಗೆ ಬಂದಿದ್ದರೆ ಅತ್ತೆಯವರು ಅವಳೊಂದಿಗೆ ಬಸ್ಸಿನಲ್ಲಿ ವಾಪಸ್ ಬರಲಿ.

ಇನ್ನು ಚರ್ಚಿನಲ್ಲಿ ನೋಡುವುದು ಏನಿರುತ್ತದೆ ಅನ್ನುವ ಪ್ರಶ್ನೆ. ಯುರೋಪಿನ ದೊಡ್ಡ ಚರ್ಚುಗಳನ್ನು ಸಾಮಾನ್ಯವಾಗಿ ನೂರಾರು ವರ್ಷ ಕಟ್ಟುತ್ತಾ ಹೋಗಿರುತ್ತಾರೆ. ಒಂದು ಭಾಗ ಒಂದು ಕಾಲದ್ದು, ಇನ್ನೊಂದು ಭಾಗ ಇನ್ನೊಂದು ಕಾಲದ್ದು. ಸಾಲ್ಸ್‌ಬರಿ ಹಾಗಲ್ಲ. 1220ರಲ್ಲಿ ಅಡಿಗಲ್ಲು, 1258ರಲ್ಲಿ ಪ್ರತಿಷ್ಠೆ. 38 ವರ್ಷದಲ್ಲಿ ಮುಖ್ಯ ಕಟ್ಟಡ ಎದ್ದು ನಿಂತಿತು. ಹಾಗಾಗಿ ಒಳಗೆ ಕಾಲಿಟ್ಟ ಕೂಡಲೇ ಎಲ್ಲವೂ ಒಂದೇ ಕೈಯಿಂದ ಬಂದಂತೆ ಕಾಣುತ್ತದೆ. ನಮ್ಮ ಸೋಮನಾಥಪುರದ ಕೇಶವ ದೇವಾಲಯಕ್ಕೂ ಸಾಮಾನ್ಯವಾಗಿ ಇದೇ 1258ನೇ ಇಸವಿಯನ್ನೇ ಹೇಳುತ್ತಾರೆ. ಅಲ್ಲಿ ಶಿಲ್ಪಿಗಳು ಕಲ್ಲಿನ ಒಂದು ಅಂಗುಲವನ್ನೂ ಬರಿದೇ ಬಿಡಲಿಲ್ಲ. ಇಲ್ಲಿಯವರು ಗೋಡೆಯನ್ನೇ ಕಡಿಮೆ ಮಾಡಿ ಕಿಟಕಿ ಇಟ್ಟರು, ಎತ್ತರ ಹೆಚ್ಚಿಸಿದರು. ಮಳೆ ಮೋಡದ ದೇಶದಲ್ಲಿ ಬೆಳಕಿಗೆ ಬೆಲೆ ಜಾಸ್ತಿ.

ಎರಡು ಬಗೆಯ ಕಲ್ಲು ಕಾಣುತ್ತದೆ. ಗೋಡೆಯ ಹಾಲು ಬಣ್ಣದ ಕಲ್ಲು ಹತ್ತಿರದ ಚಿಲ್ಮಾರ್ಕ್ ಕಡೆಯ ಗಣಿಗಳದು. ಕಂಬಗಳ ಸುತ್ತ ನಿಂತ ಕಪ್ಪು ಹೊಳಪಿನ ಸಪುರ ಕಂಬಗಳು ಡಾರ್ಸೆಟ್ ಕರಾವಳಿಯ ಪರ್ಬೆಕ್ ಕಲ್ಲು. ಹತ್ತಿರ ಹೋಗಿ ನೋಡಿ, ಅದರೊಳಗೆ ಸಣ್ಣ ಸಣ್ಣ ಶಂಖದ ಹುಳುವಿನ ಚಿಪ್ಪುಗಳು ಒತ್ತಿಕೊಂಡಿರುತ್ತವೆ.

ಈಗ ಕಟ್ಟಡದ ಉದ್ದ ಸಾಲೂ ಅಡ್ಡ ಸಾಲೂ ಸೇರುವ ನಟ್ಟನಡುವೆ ನಿಂತು ತಲೆ ಎತ್ತಿ. ಮೇಲಿರುವುದು ಗೋಪುರ ಮತ್ತು ಶಿಖರ, ನೆಲದಿಂದ ತುದಿಗೆ 123 ಮೀಟರ್. ಬ್ರಿಟನ್ನಿನ ಚರ್ಚುಗಳಲ್ಲಿ ಇದಕ್ಕಿಂತ ಎತ್ತರದ ಶಿಖರ ಇಲ್ಲ. ಇದು ಮೊದಲಿನ ಯೋಜನೆಯ ಭಾಗವಲ್ಲ. ಕಟ್ಟಡ ಮುಗಿದು ಅರ್ಧ ಶತಮಾನ ಕಳೆದ ಮೇಲೆ, 1300ರ ನಂತರ, ಮೇಲೆ ಏರಿಸಿದ್ದು. ಸುಮಾರು 6,500 ಟನ್ ಹೆಚ್ಚುವರಿ ಭಾರ. ಕೆಳಗಿನ ನಾಲ್ಕು ಕಂಬಗಳು ಇಷ್ಟನ್ನು ಹೊರಲೆಂದು ಹುಟ್ಟಿದವಲ್ಲ. ಒಂದು ಕಂಬದ ಬುಡಕ್ಕೆ ಹೋಗಿ, ಅದರ ಅಂಚನ್ನೇ ಹಿಡಿದು ಕಣ್ಣನ್ನು ಮೇಲಕ್ಕೆ ಒಯ್ಯಿರಿ. ಕಂಬ ಬಾಗಿರುವುದು ಬರಿಗಣ್ಣಿಗೇ ಗೊತ್ತಾಗುತ್ತದೆ. ಆಮೇಲಿನವರು ಭಯಬಿದ್ದು ಅಲ್ಲಲ್ಲಿ ಕಮಾನು ಕಟ್ಟಿ ಒತ್ತು ಕೊಟ್ಟಿದ್ದಾರೆ. ಹೆಸರಾಂತ ವಾಸ್ತುಶಿಲ್ಪಿ ಕ್ರಿಸ್ಟಫರ್ ರೆನ್ 1668ರಲ್ಲಿ ಬಂದು ಅಳೆದಾಗ ಶಿಖರ ಸುಮಾರು 70 ಸೆಂಟಿಮೀಟರ್ ವಾಲಿತ್ತು. ಅಲ್ಲಿಂದೀಚೆಗೆ ಹೇಳುವಷ್ಟು ಜರುಗಿಲ್ಲ.

ಇಷ್ಟೆಲ್ಲ ನಿಂತಿರುವ ತಳಪಾಯದ ಆಳ ಎಷ್ಟು ಗೊತ್ತಾ? ಸುಮಾರು ನಾಲ್ಕು ಅಡಿ. ಕೆಳಗೆ ಹೊಳೆ ಹಾಸಿದ ಜಲ್ಲಿಯ ಪದರ, ಅದರ ತುಂಬ ನೀರು. ಒಳಗೆ ನೆಲದ ಒಂದು ಹಾಸುಗಲ್ಲಿಗೆ ಪುಟ್ಟ ಮುಚ್ಚಳವಿದೆ. ಗೈಡು ಅದನ್ನು ಎತ್ತಿ ಉದ್ದದ ಕೋಲು ಇಳಿಸಿ ತೆಗೆದರೆ ತುದಿ ಒದ್ದೆಯಾಗಿ ಬರುತ್ತದೆ. ಬಾವಿಯ ನೀರು ಎಷ್ಟು ಮೇಲೆ ಬಂತು ಅಂತ ನೋಡುವ ಹಾಗೆ ಇವರು ಚರ್ಚಿನೊಳಗೆ ನೀರಿನ ಮಟ್ಟ ನೋಡುತ್ತಿರುತ್ತಾರೆ. ಜಲ್ಲಿ ಬಿಗಿಯಾಗಿ ಹಿಡಿದುಕೊಂಡಿರುವುದೇ ಈ ಕಟ್ಟಡದ ಪುಣ್ಯ. ಗೈಡುಗಳು ಹೆಚ್ಚಾಗಿ ನಿವೃತ್ತರು, ಸಂಬಳವಿಲ್ಲದೆ ಇಷ್ಟಪಟ್ಟು ಮಾಡುವವರು. "ನೀರಿನ ಕೋಲು ತೋರಿಸ್ತೀರಾ?" ಅಂತ ಕೇಳಿ. ಖುಷಿಯಿಂದ ತೋರಿಸುತ್ತಾರೆ.

ಗೋಪುರ ಹತ್ತುವ ಟೂರೂ ಇದೆ, 332 ಮೆಟ್ಟಿಲು. ಮುಂಚೆ ಬುಕ್ ಮಾಡಬೇಕು. ಯಜಮಾನರ ಮಂಡಿ ಗಟ್ಟಿ ಇದ್ದರೆ ಹೋಗಲಿ. ಶಿಖರದ ಒಳಗೆ ಮಧ್ಯಯುಗದ ಬಡಗಿಗಳು ಕಟ್ಟಿದ ಮರದ ಅಟ್ಟಣಿಗೆ ಇವತ್ತಿಗೂ ನಿಂತಿದೆ. ಅತ್ತೆಯವರಿಗೆ ಅದರ ಚಿಂತೆ ಬೇಡ. ಕೆಳಗೆ ನೆಲವೆಲ್ಲ ಸಮತಟ್ಟು, ಕುರ್ಚಿಗಳಿರುತ್ತವೆ, ಗಾಲಿಕುರ್ಚಿಯನ್ನೂ ಕೇಳಿ ನೋಡಿ. ಅವರನ್ನು 2008ರಲ್ಲಿ ಇಟ್ಟ ಹೊಸ ನೀರಿನ ತೊಟ್ಟಿಯ ಹತ್ತಿರ ಕೂರಿಸಿ. ದೀಕ್ಷಾಸ್ನಾನದ ತೊಟ್ಟಿ ಅದು. ನೀರು ಅಂಚಿನವರೆಗೆ ತುಂಬಿ ಅಲುಗದೆ ನಿಂತಿರುತ್ತದೆ, ನಾಲ್ಕು ಮೂಲೆಯಿಂದ ಮಾತ್ರ ಸುರಿಯುತ್ತದೆ. ಇಡೀ ಮೇಲ್ಚಾವಣಿ ಅದರೊಳಗೆ ಕಾಣುವುದರಿಂದ ಕತ್ತು ಎತ್ತದೆಯೇ ಎಲ್ಲವನ್ನೂ ನೋಡಬಹುದು. ಅದರ ಮೇಲೆ ಫೋನು, ಕನ್ನಡಕ ಇಡಬೇಡಿ. ಅದು ನೀರು ಅನ್ನುವುದು ಮರೆತು ಜನ ಇಟ್ಟುಬಿಡುತ್ತಾರೆ.

ಉತ್ತರದ ಪಕ್ಕಸಾಲಿನಲ್ಲಿ ಒಂದು ಕಬ್ಬಿಣದ ಯಂತ್ರವಿದೆ. ಗಡಿಯಾರ ಅಂದರೆ ನಂಬುವುದು ಕಷ್ಟ, ಏಕೆಂದರೆ ಮುಖವೂ ಇಲ್ಲ, ಮುಳ್ಳೂ ಇಲ್ಲ. ಗಂಟೆ ಹೊಡೆಯುವುದಷ್ಟೇ ಅದರ ಕೆಲಸವಾಗಿತ್ತು. 1386ರ ಸುಮಾರಿನದು. ಜಗತ್ತಿನಲ್ಲಿ ಇನ್ನೂ ನಡೆಯುವ ಅತಿ ಹಳೆಯ ಯಂತ್ರ ಗಡಿಯಾರಗಳಲ್ಲಿ ಒಂದು. ಹಲ್ಲು ಚಕ್ರಗಳನ್ನು ಕಮ್ಮಾರ ಬಡಿದು ಮಾಡಿದ್ದು, ಸುತ್ತಿಗೆಯ ಗುರುತು ಕಾಣುತ್ತದೆ. ಎಂಟು ಮೂಲೆಯ ಸಭಾಮಂಟಪದಲ್ಲಿ 1215ರ ಮ್ಯಾಗ್ನಾ ಕಾರ್ಟಾದ ಮೂಲ ಪ್ರತಿ ಇದೆ. ರಾಜನೂ ಕಾನೂನಿಗೆ ಒಳಪಟ್ಟವನು ಅಂತ ಬರೆಸಿಕೊಂಡ ದಾಖಲೆ. ಆ ವರ್ಷದ ಪ್ರತಿಗಳಲ್ಲಿ ಉಳಿದಿರುವುದು ನಾಲ್ಕೇ. ಒಂದೇ ಚರ್ಮದ ಹಾಳೆ, ಇರುವೆ ಸಾಲಿನಂಥ ಲ್ಯಾಟಿನ್ ಅಕ್ಷರ. ನಿಜ ಹೇಳಬೇಕೆಂದರೆ ನೋಟಕ್ಕೆ ಅಂಥದ್ದೇನಿಲ್ಲ. ಐದು ನಿಮಿಷ ಅದರ ಮುಂದೆ ನಿಂತು, ಉಳಿದ ಹೊತ್ತನ್ನು ಅದೇ ಕೋಣೆಯ ಗೋಡೆಯ ಸುತ್ತ ಕೆತ್ತಿರುವ ಬೈಬಲ್ ಕಥೆಗಳಿಗೆ ಕೊಡಿ. ನೋಹನ ಹಡಗು, ಬಾಬೆಲ್ ಗೋಪುರ ಎಲ್ಲ ಸಾಲಾಗಿ ಇವೆ.

ಮಧ್ಯಾಹ್ನವೇ ಎಲ್ಲ ಮುಗಿಸಿ ಹೋಗಿಬಿಡಬೇಡಿ. ಸಂಜೆ ಐದೂವರೆಯ ಹೊತ್ತಿಗೆ ಈವನ್‌ಸಾಂಗ್ ಅಂತ ಪ್ರಾರ್ಥನೆ ಇರುತ್ತದೆ. ಮುಕ್ಕಾಲು ಗಂಟೆ. ಯಾವ ಧರ್ಮದವರೂ ಕೂರಬಹುದು, ದುಡ್ಡಿಲ್ಲ. ಹಾಡುವವರು ಇಲ್ಲಿನ ಶಾಲೆಯ ಮಕ್ಕಳು ಮತ್ತು ದೊಡ್ಡವರು. ಇಂಗ್ಲೆಂಡಿನ ಕ್ಯಾಥೆಡ್ರಲ್‌ಗಳ ಪೈಕಿ ಹುಡುಗಿಯರಿಗೆಂದೇ ಪ್ರತ್ಯೇಕ ಗಾಯನವೃಂದ ಮೊದಲು ಶುರುವಾದದ್ದು ಇಲ್ಲೇ, 1991ರಲ್ಲಿ. ಎಲ್ಲರೂ ಎದ್ದಾಗ ಎದ್ದರೆ ಆಯಿತು, ಅತ್ತೆಯವರು ಕೂತೇ ಇರಲಿ, ಯಾರೂ ಏನೂ ಅನ್ನುವುದಿಲ್ಲ. ಫೋಟೊ ಮಾತ್ರ ತೆಗೆಯಬಾರದು.

ಕ್ಯಾಥೆಡ್ರಲ್ ಸುತ್ತಲಿನ ಆವರಣಕ್ಕೆ ಕ್ಲೋಸ್ ಅನ್ನುತ್ತಾರೆ. ಬ್ರಿಟನ್ನಿನಲ್ಲೇ ದೊಡ್ಡದು, ಸುಮಾರು 80 ಎಕರೆ. ಗೋಡೆ, ದಿಡ್ಡಿ ಬಾಗಿಲು ಎಲ್ಲ ಇದೆ, ರಾತ್ರಿ ಬಾಗಿಲು ಹಾಕುತ್ತಾರೆ ಕೂಡ. ಆ ಗೋಡೆಯ ಕಲ್ಲುಗಳನ್ನು ಗಮನಿಸಿ. ಅಲ್ಲಲ್ಲಿ ಹೂವು, ಸುರುಳಿ, ಮುರಿದ ಮುಖ ಕಾಣುತ್ತದೆ. ಗುಡ್ಡದ ಮೇಲಿನ ಹಳೇ ಕ್ಯಾಥೆಡ್ರಲ್ ಕೆಡವಿ, ರಾಜನ ಅಪ್ಪಣೆ ಪಡೆದು, ಅದೇ ಕಲ್ಲನ್ನು ಇಲ್ಲಿ ಗೋಡೆಗೆ ಇಟ್ಟರು. ಬೆಳಿಗ್ಗೆ ಗುಡ್ಡದಲ್ಲಿ ನೀವು ನೋಡಿದ ಖಾಲಿ ಜಾಗದ ಸಾಮಾನೆಲ್ಲ ಇದೇ.

ಪೇಟೆ ನೋಡುವುದಕ್ಕೆ ಮಂಗಳವಾರ ಅಥವಾ ಶನಿವಾರ ಒಳ್ಳೆಯದು, ಸಂತೆ ಇರುತ್ತದೆ. 1227ರ ರಾಜಪತ್ರದಿಂದ ನಡೆದುಬಂದ ಸಂತೆ. ರಸ್ತೆಗಳು ಆಗಲೇ ಅಡ್ಡ ಉದ್ದ ಗೆರೆ ಎಳೆದು ಮಾಡಿದವು. ಒಂದೊಂದು ರಸ್ತೆಯ ನಡುವೆ ಹೊಳೆಯಿಂದ ತಂದ ನೀರಿನ ಕಾಲುವೆ ಹರಿಯುತ್ತಿತ್ತು. ನೋಡಿದವರು ವೆನಿಸ್‌ಗೆ ಹೋಲಿಸುತ್ತಿದ್ದರು. ಆದರೆ ಬಣ್ಣ ಹಾಕುವವರ ಗಲೀಜು, ಕಟುಕರ ಗಲೀಜು, ಮನೆಗಳ ಗಲೀಜು ಎಲ್ಲ ಅದಕ್ಕೇ ಸೇರುತ್ತಿತ್ತು. 1849ರಲ್ಲಿ ಕಾಲರಾ ಬಂದು 192 ಜನ ಸತ್ತರು. ಆಮೇಲೆ ಒಬ್ಬ ವೈದ್ಯರು ಹಟ ಹಿಡಿದು ಹೋರಾಡಿದ್ದರಿಂದ ಕಾಲುವೆಗಳನ್ನೆಲ್ಲ ಮುಚ್ಚಿ ಒಳಚರಂಡಿ ಹಾಕಿದರು. ತೋಡುವಾಗ ಕೆಸರಿನಿಂದ ಬಂದ ಕತ್ತರಿ, ಚಾಕು, ಬೀಗದ ಕೈ, ಯಾತ್ರಿಕರ ಬಿಲ್ಲೆಗಳನ್ನು ಕ್ಲೋಸ್ ಒಳಗಿನ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ರಾಜರ ಆಭರಣಕ್ಕಿಂತ ನನಗೆ ಇಂಥವೇ ಇಷ್ಟ. ಯಾರೋ ಒಬ್ಬಳು ಬೀಗದ ಕೈ ಕಳೆದುಕೊಂಡು ಮನೆಯಲ್ಲಿ ಬೈಸಿಕೊಂಡಿರುತ್ತಾಳೆ, ಅಲ್ವಾ?

ಸಂತೆಯ ಪಕ್ಕದಲ್ಲೇ ಸೇಂಟ್ ಥಾಮಸ್ ಚರ್ಚ್. ಒಳಗೆ ಹೋಗಲು ಶುಲ್ಕವಿಲ್ಲ. ಎದುರಿನ ಕಮಾನಿನ ಮೇಲೆ ಪೂರ್ತಿ 15ನೇ ಶತಮಾನದ ಅಂತಿಮ ತೀರ್ಪಿನ ಚಿತ್ರ. ಎಡಗಡೆ ಸತ್ತವರು ಗೋರಿಯಿಂದ ಎದ್ದು ಸ್ವರ್ಗಕ್ಕೆ, ಬಲಗಡೆ ಪಾಪಿಗಳು ನರಕದ ಬಾಯಿಗೆ. ನರಕದ ಸಾಲಿನಲ್ಲಿ ಅಳತೆಯಲ್ಲಿ ಮೋಸ ಮಾಡಿದ ಬಿಯರ್ ಮಾರುವವಳು ಹೂಜಿ ಹಿಡಿದೇ ಹೋಗುತ್ತಿದ್ದಾಳೆ. ಬಿಷಪ್‌ನನ್ನೂ ಬಿಟ್ಟಿಲ್ಲ, ಟೋಪಿ ಸಮೇತ ಎಳೆದೊಯ್ಯುತ್ತಿದ್ದಾರೆ. ಇಂಗ್ಲೆಂಡ್ ಪೋಪ್‌ನ ಸಂಬಂಧ ಕಡಿದುಕೊಂಡ ಧರ್ಮಸುಧಾರಣೆಯ ಕಾಲದಲ್ಲಿ ಇದರ ಮೇಲೆ ಸುಣ್ಣ ಬಳಿದಿದ್ದರು, 1819ರಲ್ಲಿ ಮತ್ತೆ ಬೆಳಕಿಗೆ ಬಂತು.

ಸಾಲ್ಸ್‌ಬರಿ ಅಂದರೆ ವಿಷಪ್ರಯೋಗದ ಊರಲ್ಲವಾ ಅಂತ ಕೇಳುವವರೂ ಇದ್ದಾರೆ. ಹೌದು, 2018ರಲ್ಲಿ ರಷ್ಯಾದ ಒಬ್ಬ ಮಾಜಿ ಗೂಢಚಾರ ಮತ್ತು ಅವರ ಮಗಳ ಮೇಲೆ ನೋವಿಚೋಕ್ ಪ್ರಯೋಗ ಇಲ್ಲೇ ಆದದ್ದು. ಅವರಿಬ್ಬರೂ ಬದುಕಿದರು. ಎಲ್ಲೋ ಬಿಸಾಡಿದ್ದ ಅದೇ ವಿಷ ತಾಗಿ ಏನೂ ಅರಿಯದ ಒಬ್ಬ ಮಹಿಳೆ ಸತ್ತರು. ಆರೋಪಿತರಾದ ಇಬ್ಬರು ರಷ್ಯನ್ನರು ಟಿವಿಯಲ್ಲಿ ಕುಳಿತು, ನಾವು 123 ಮೀಟರಿನ ಆ ಶಿಖರ ನೋಡಲು ಹೋಗಿದ್ದೆವು ಅಂದರು. ಊರಿನವರು ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಕೂತರು. ಜಾಗವನ್ನೆಲ್ಲ ಎಂದೋ ಶುಚಿ ಮಾಡಿದ್ದಾರೆ, ಹೆದರಿಕೆ ಬೇಡ.

ಈಗ ನಿಮಗಾಗಿಯೇ ಬರೆಯುತ್ತಿರುವ ಭಾಗ. ಕ್ವೀನ್ ಎಲಿಜಬೆತ್ ಗಾರ್ಡನ್ಸ್ ಅನ್ನುವ ಪಾರ್ಕಿನಿಂದ ಹಾರ್ನಮ್ ಕಡೆಗೆ ಟೌನ್ ಪಾತ್ ಅಂತ ಡಾಂಬರು ಹಾಕಿದ ಕಾಲುದಾರಿ ಹೋಗುತ್ತದೆ. ಸಮತಟ್ಟು, ಇಪ್ಪತ್ತು ನಿಮಿಷ. ಅತ್ತೆಯವರು ಅರ್ಧ ದಾರಿಯಾದರೂ ಬರಬಹುದು. ಎರಡು ಬದಿಗೂ ಹುಲ್ಲುಗಾವಲು, ಅದರಾಚೆ ಕ್ಯಾಥೆಡ್ರಲ್. ಚಿತ್ರಕಾರ ಜಾನ್ ಕಾನ್‌ಸ್ಟಬಲ್ 1831ರಲ್ಲಿ ಜನರೆದುರು ಇಟ್ಟ ಹೆಸರಾಂತ ಚಿತ್ರ ಈ ಹುಲ್ಲುಗಾವಲುಗಳ ಕಡೆಯಿಂದ ಕಂಡದ್ದು. ಪ್ರವಾಸಿಗರು ಅದೇ ಫೋಟೊ ತೆಗೆದು ತಿರುಗುತ್ತಾರೆ. ನೀವು ಸ್ವಲ್ಪ ಹುಲ್ಲಿನ ನೆಲವನ್ನು ನೋಡಿ. ಏರು ತಗ್ಗು, ಏರು ತಗ್ಗು ಅಂತ ಸಾಲಾಗಿ ಇರುತ್ತದೆ. ಸಹಜವಾಗಿ ಆದದ್ದಲ್ಲ, 17ನೇ ಶತಮಾನದ ರೈತರು ಮಾಡಿದ ನೀರಾವರಿ.

ಕೆಲಸ ಹೀಗೆ. ಹೊಳೆಗೆ ಹಲಗೆ ಬಾಗಿಲು ಹಾಕಿ ನೀರನ್ನು ಎತ್ತರದ ಕಾಲುವೆಗೆ ತಿರುಗಿಸುತ್ತಾರೆ. ಅದರಿಂದ ಒಂದೊಂದು ಏರಿನ ನೆತ್ತಿಯ ಮೇಲೆ ಸಣ್ಣ ತೋಡು. ತೋಡು ತುಂಬಿ ನೀರು ಎರಡೂ ಇಳಿಜಾರಿನಲ್ಲಿ ಹುಲ್ಲಿನ ನಡುವೆ ತೆಳ್ಳಗೆ ಜಾರುತ್ತದೆ. ಕೆಳಗೆ ಬಸಿಗಾಲುವೆ ಅದನ್ನು ಹಿಡಿದು ವಾಪಸ್ ಹೊಳೆಗೆ ಬಿಡುತ್ತದೆ. ನೀರು ಎಲ್ಲೂ ನಿಲ್ಲಬಾರದು, ಓಡುತ್ತಿರಬೇಕು. ಬಸಿಗಾಲುವೆ ಕಟ್ಟಿಕೊಂಡರೆ ತೋಟದ ಗತಿ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮಳೆ ಬರುವ ದೇಶದಲ್ಲಿ ಹುಲ್ಲಿಗೆ ನೀರು ಯಾಕೆ? ನೀರುಣಿಸುವುದಕ್ಕಲ್ಲ, ಬೆಚ್ಚಗಿಡುವುದಕ್ಕೆ. ಇಲ್ಲಿನ ಗುಡ್ಡಗಳೆಲ್ಲ ಸೀಮೆಸುಣ್ಣದಂಥ ಬಿಳಿ ಕಲ್ಲು. ಮಳೆ ನೀರು ಅದರೊಳಗೆ ಇಂಗಿ ಬುಗ್ಗೆಯಾಗಿ ಹೊರಬರುವಾಗ ವರ್ಷವಿಡೀ ಸುಮಾರು 10 ಡಿಗ್ರಿ ಇರುತ್ತದೆ. ಜನವರಿ, ಫೆಬ್ರವರಿಯಲ್ಲಿ ಸುತ್ತ ಹಿಮ ಕಚ್ಚಿ ನೆಲ ಹೆಪ್ಪುಗಟ್ಟಿದಾಗ ಈ ನೀರಿನ ಹೊದಿಕೆಯಡಿ ಹುಲ್ಲು ಚಿಗುರುತ್ತದೆ. ಬೇರೆ ಕಡೆಗಿಂತ ವಾರಗಟ್ಟಲೆ ಮುಂಚೆ ಮೇವು. ಮರಿ ಹಾಕಿದ ಕುರಿಗಳನ್ನು ಹಗಲು ಇಲ್ಲಿ ಮೇಯಿಸಿ, ರಾತ್ರಿ ಗುಡ್ಡದ ಮೇಲಿನ ಹೊಲದಲ್ಲಿ ಬೇಲಿ ಕಟ್ಟಿ ನಿಲ್ಲಿಸುತ್ತಿದ್ದರು. ಹಿಕ್ಕೆ ಬಿದ್ದ ಆ ಹೊಲದಲ್ಲಿ ಗೋಧಿ, ಬಾರ್ಲಿ. ಕುರಿ ಮಂದೆ ನಿಲ್ಲಿಸುವುದು ನಮ್ಮ ಬಯಲುಸೀಮೆಯಲ್ಲೂ ಇದೆಯಲ್ಲ, ಅದೇ. ರಾಸಾಯನಿಕ ಗೊಬ್ಬರ ಬಂದ ಮೇಲೆ ಇದು ನಿಂತಿತು. ಹಾರ್ನಮ್‌ನಲ್ಲಿ ಒಂದು ಟ್ರಸ್ಟ್ ಇದನ್ನು ಈಗಲೂ ಕಾಪಾಡಿಕೊಂಡು ಬಂದಿದೆ. ಅಕ್ಟೋಬರಿನಲ್ಲಿ ನೀರು ಬಿಟ್ಟಿರಲಿಕ್ಕಿಲ್ಲ, ಆದರೆ ಹಲಗೆ ಬಾಗಿಲು, ಏರು, ತೋಡು ಎಲ್ಲ ಕಾಣುತ್ತದೆ. ಯಜಮಾನರು ಅಲ್ಲೇ ನಿಂತುಬಿಟ್ಟರೆ ಅವಸರ ಮಾಡಬೇಡಿ. ಏವನ್, ನ್ಯಾಡರ್, ವೈಲಿ, ಬೋರ್ನ್, ಎಬಲ್ ಹೀಗೆ ಐದು ಹೊಳೆಗಳು ಈ ಊರಿನ ಆಸುಪಾಸಿನಲ್ಲೇ ಕೂಡುತ್ತವೆ. ನೀರು ಎಷ್ಟು ತಿಳಿ ಅಂದರೆ ತಳದ ಪಾಚಿಯ ಎಳೆ ಎಳೆಯೂ ಕಾಣುತ್ತದೆ.

ಎರಡನೇ ದಿನ ಬೆಳಿಗ್ಗೆ ಸ್ಟೋನ್‌ಹೆಂಜ್. ರೈಲು ನಿಲ್ದಾಣದಿಂದಲೇ ಅಲ್ಲಿಗೆ ಟೂರ್ ಬಸ್ ಹೊರಡುತ್ತದೆ. ಟಿಕೆಟ್ ದುಬಾರಿ, ಸಮಯ ಗೊತ್ತುಮಾಡಿ ಆನ್‌ಲೈನ್ ತೆಗೆದರೆ ಸ್ವಲ್ಪ ಕಡಿಮೆ. ಸಂದರ್ಶಕರ ಕಟ್ಟಡದಿಂದ ಕಲ್ಲುಗಳು ಎರಡು ಕಿಲೋಮೀಟರ್‌ಗೂ ದೂರ, ಅಲ್ಲಿಯವರೆಗೆ ಶಟಲ್ ಬಸ್ ಬಿಡುತ್ತಾರೆ, ಅತ್ತೆಯವರಿಗೆ ತೊಂದರೆಯಿಲ್ಲ. ಕಲ್ಲುಗಳ ಒಳಗೆ ಬಿಡುವುದಿಲ್ಲ, ಸುತ್ತ ಹಗ್ಗದ ಆಚೆಯಿಂದ ನೋಡಬೇಕು. ಇದರಿಂದ ನಿರಾಸೆಪಡುವವರು ಜಾಸ್ತಿ. "ಇಷ್ಟೇನಾ?" ಅನ್ನುತ್ತಾರೆ. ಕಲ್ಲು ಎಲ್ಲಿಂದ ಬಂತು ಅನ್ನುವುದು ತಿಳಿದಿದ್ದರೆ ಹಾಗೆ ಅನ್ನಿಸುವುದಿಲ್ಲ. ಸರಾಸರಿ 25 ಟನ್ ತೂಗುವ ದೊಡ್ಡ ಕಲ್ಲುಗಳು ಸುಮಾರು 25 ಕಿಲೋಮೀಟರ್ ಉತ್ತರದ ಕಾಡಿನವು. ಸಣ್ಣ ನೀಲಿಗಲ್ಲುಗಳು ವೇಲ್ಸ್‌ನ ಬೆಟ್ಟದವು, 200 ಕಿಲೋಮೀಟರಿಗೂ ದೂರ. ನಡುವೆ ಮಲಗಿರುವ ಒಂದು ಕಲ್ಲು ಸ್ಕಾಟ್‌ಲೆಂಡಿನ ಈಶಾನ್ಯ ಭಾಗದ್ದು ಅಂತ 2024ರಲ್ಲಿ ಗೊತ್ತಾಯಿತು. ಅಂದರೆ 700 ಕಿಲೋಮೀಟರಿನಾಚೆ. ಚಕ್ರದ ಗಾಡಿ ಬ್ರಿಟನ್ನಿಗೆ ಬರುವ ಮೊದಲಿನ ಮಾತು ಇದು, ದೊಡ್ಡ ಕಲ್ಲುಗಳು ಎದ್ದದ್ದು ಕ್ರಿ.ಪೂ. 2500ರ ಸುಮಾರಿಗೆ.

ಇಷ್ಟು ದೊಡ್ಡ ಸ್ಮಾರಕ ಒಮ್ಮೆ ಹರಾಜಿಗೆ ಬಂದಿತ್ತು. 1915ರಲ್ಲಿ ಸಾಲ್ಸ್‌ಬರಿಯ ಒಂದು ರಂಗಮಂದಿರದಲ್ಲಿ ಹರಾಜು. ಸೆಸಿಲ್ ಚಬ್ ಎಂಬ ವಕೀಲ 6,600 ಪೌಂಡಿಗೆ ಕೊಂಡ. ಹೆಂಡತಿ ಕುರ್ಚಿ ತರಲು ಕಳಿಸಿದ್ದಳು, ಇವನು ಇದನ್ನು ತಂದ ಅಂತ ಊರಿನಲ್ಲಿ ಹೇಳಿಕೊಂಡು ನಗುತ್ತಾರೆ. ಮೂರು ವರ್ಷಕ್ಕೆ ದೇಶಕ್ಕೇ ದಾನ ಕೊಟ್ಟುಬಿಟ್ಟ. ಸುತ್ತಲಿನ ನಿವಾಸಿಗಳಿಗೆ ಇವತ್ತಿಗೂ ಟಿಕೆಟ್ ಇಲ್ಲ.

ಬಸ್ಸಿನ ಕಿಟಕಿಯಿಂದ ಕಾಣುವ ಬೋಳು ಬಯಲು ಸಾಲ್ಸ್‌ಬರಿ ಪ್ಲೇನ್. ಅದರ ದೊಡ್ಡ ಭಾಗ ಸೈನ್ಯದ ತರಬೇತಿ ಜಾಗ, ಗುಂಡಿನ ಸದ್ದು ಕೇಳಿದರೆ ಗಾಬರಿಯಾಗಬೇಡಿ. ನೇಗಿಲು ಬೀಳದೆ ಉಳಿದದ್ದರಿಂದ ಹಕ್ಕಿಗಳಿಗೆ ಅನುಕೂಲವಾಗಿದೆ. ನಮ್ಮ ಎರೆಭೂತದ ಕುಟುಂಬದ್ದೇ ಆದ ಗ್ರೇಟ್ ಬಸ್ಟರ್ಡ್ ಬ್ರಿಟನ್ನಿನಲ್ಲಿ 19ನೇ ಶತಮಾನದಲ್ಲೇ ಅಳಿದುಹೋಗಿತ್ತು. 2004ರಲ್ಲಿ ಶುರುಮಾಡಿ, ಹೊರಗಿನಿಂದ ತಂದು ಇದೇ ಬಯಲಿನಲ್ಲಿ ಮತ್ತೆ ಬಿಟ್ಟು ನೆಲೆಯೂರಿಸಿದ್ದಾರೆ. ಇನ್ನೂ ದೊಡ್ಡ ಕಲ್ಲಿನ ಸುತ್ತು ಏವ್‌ಬರಿಯಲ್ಲಿದೆ, ಆದರೆ ಕಾರಿಲ್ಲದೆ ಇಲ್ಲಿಂದ ಅಲ್ಲಿಗೆ ಹೋಗಿಬರುವುದು ಹೈರಾಣ. ಬಿಟ್ಟುಬಿಡಿ. ವಿಲ್ಟನ್ ಅರಮನೆಯೂ ಅಕ್ಟೋಬರಿನಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತದೆ.

ಊಟದ ವಿಷಯ. ಸಸ್ಯಾಹಾರಕ್ಕೆ ಇಂಗ್ಲೆಂಡ್ ಈಗ ಕಷ್ಟವಿಲ್ಲ, ಮೊಟ್ಟೆ ಬೇಡದವರಿಗೆ ಮಾತ್ರ ಎಚ್ಚರ ಬೇಕು. ಇಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ಸೇರಿಯೇ ಲೆಕ್ಕ. ಸ್ಯಾಂಡ್‌ವಿಚ್ಚಿನ ಮೇಯನೀಸ್, ಕೇಕು, ಕೆಲವು ಕಡೆ ಸ್ಕೋನು ಅನ್ನುವ ಬನ್ನು, ಮಾಂಸದ ಬದಲಿಗೆ ಕೊಡುವ ಕ್ವಾರ್ನ್ ಎಲ್ಲದರಲ್ಲೂ ಇರಬಹುದು. ಒಂದು ಸುಲಭ ಉಪಾಯ: ಪೊಟ್ಟಣದ ಪದಾರ್ಥಗಳ ಪಟ್ಟಿಯಲ್ಲಿ ಅಲರ್ಜಿ ತರುವ 14 ವಸ್ತುಗಳನ್ನು ಎದ್ದು ಕಾಣುವ ಅಕ್ಷರದಲ್ಲಿ ಹಾಕಲೇಬೇಕು ಅಂತ ಕಾನೂನಿದೆ, ಮೊಟ್ಟೆ ಅದರಲ್ಲೊಂದು. ಹೋಟೆಲಿನಲ್ಲಿ "ಎಗ್ ಅಲರ್ಜಿ ಪಟ್ಟಿ ತೋರಿಸಿ" ಅಂದರೆ ತಂದುಕೊಡುತ್ತಾರೆ. ವೀಗನ್ ಅಂತ ಬರೆದಿದ್ದರೆ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಸೂಪಿಗೆ ಕೋಳಿ ರಸ ಹಾಕಿದ್ದಾರಾ ಅಂತ ಕೇಳಿ. ಬೇಯಿಸಿದ ದೊಡ್ಡ ಆಲೂಗಡ್ಡೆಗೆ ಬೀನ್ಸ್, ಚೀಸ್ ಹಾಕಿಕೊಡುವ ಜಾಕೆಟ್ ಪೊಟೇಟೊ ಹೊಟ್ಟೆ ತುಂಬುವ ತಿಂಡಿ, ಅತ್ತೆಯವರಿಗೂ ಮೆತ್ತಗೆ. ಕ್ಯಾಥೆಡ್ರಲ್‌ನ ಊಟದ ಮನೆಗೆ ಗಾಜಿನ ಚಾವಣಿ ಇದೆ, ತಿನ್ನುತ್ತಾ ಶಿಖರ ನೋಡಬಹುದು. ಊರಿಂದ ಅವಲಕ್ಕಿ, ಚಟ್ನಿಪುಡಿ ತನ್ನಿ. ಪೇಡೆ, ತುಪ್ಪ ತರಬೇಡಿ, ಭಾರತದಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ.

ಉಳಿಯುವುದಕ್ಕೆ ಸ್ಟೇಷನ್ನಿಗೂ ಕ್ಲೋಸ್‌ಗೂ ನಡುವೆ ಎಲ್ಲಾದರೂ ನೋಡಿ, ಎಲ್ಲವೂ ಹತ್ತು ಹದಿನೈದು ನಿಮಿಷದ ನಡಿಗೆ. ಹಳೇ ಕಟ್ಟಡದ ವಸತಿಗಳಲ್ಲಿ ಲಿಫ್ಟ್ ಇರುವುದಿಲ್ಲ, ಮೆಟ್ಟಿಲು ಕಡಿದಾಗಿರುತ್ತವೆ. ಬುಕ್ ಮಾಡುವ ಮೊದಲೇ ಕೆಳಗಿನ ಕೋಣೆ ಕೇಳಿ. ಅಕ್ಟೋಬರ್ ನಡುವಿನಲ್ಲಿ ಆರು ಗಂಟೆ ದಾಟುತ್ತಲೇ ಕತ್ತಲು. ಹೊಳೆ ಬದಿಯ ದಾರಿಯ ಸುಣ್ಣದ ಮಣ್ಣು ಮಳೆಗೆ ಸಬ್ಬಕ್ಕಿ ಗಂಜಿಯಾಗಿ ಜಾರುತ್ತದೆ, ಹಿಡಿತವಿರುವ ಶೂ ಬೇಕು, ಸೀರೆಗೆ ಚಪ್ಪಲಿ ಹಾಕಿಕೊಂಡು ಇಳಿಯಬೇಡಿ. ಸ್ವೆಟರಿನ ಮೇಲೆ ಮಳೆ ತಡೆಯುವ ಜಾಕೆಟ್ ಇರಲಿ. ಗಾಳಿಗೆ ಛತ್ರಿ ನಿಲ್ಲುವುದಿಲ್ಲ.

ರೆಡಿಂಗ್‌ನಿಂದ ಬೇಸಿಂಗ್‌ಸ್ಟೋಕ್‌ಗೆ ಬಂದು ಅಲ್ಲಿ ರೈಲು ಬದಲಿಸಿದರೆ ಸಾಲ್ಸ್‌ಬರಿ. 60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಇದೆ, ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಕಡಿಮೆ. ಪಾಸ್‌ಪೋರ್ಟ್ ತೋರಿಸಿ ಪ್ರವಾಸಿಗರೂ ಮಾಡಿಸಬಹುದು, ಆದರೆ ಅದಕ್ಕೂ ಶುಲ್ಕವಿದೆ. ಅತ್ತೆಯವರ ಬೇರೆ ಓಡಾಟವೂ ಇದ್ದರೆ ಮಾತ್ರ ಲಾಭ. ಸೋಮವಾರ ಬೆಳಿಗ್ಗೆ ದಟ್ಟಣೆ ಇಳಿದ ಮೇಲೆ ಹೊರಟು ಬುಧವಾರ ಸಂಜೆ ವಾಪಸ್ಸಾಗುವುದು ನನ್ನ ಸಲಹೆ. ನಡುವೆ ಮಂಗಳವಾರದ ಸಂತೆಯೂ ಸಿಗುತ್ತದೆ. ಮಗಳ ರಜೆಗಾಗಿ ವಾರಾಂತ್ಯವೇ ಆಗಬೇಕೆಂದರೆ ಆಗಲಿ, ಆದರೆ ಭಾನುವಾರ ಹಳಿ ರಿಪೇರಿಗೆಂದು ರೈಲು ನಿಲ್ಲಿಸಿ ಬಸ್ಸು ಬಿಡುವುದು ಇಲ್ಲಿ ಮಾಮೂಲು, ಶನಿವಾರ ರಾತ್ರಿಯೇ ಫೋನಿನಲ್ಲಿ ವೇಳಾಪಟ್ಟಿ ನೋಡಿಕೊಳ್ಳಲು ಅವಳಿಗೆ ಹೇಳಿ.